ಹಟ್ಟಿಯಿಲ್ಲದ ಊರಿನಲ್ಲಿ ಸಿಪ್ಪೆಯ ಸಾರು

ಸಂಜೆಯ ಕಲ್ಯಾಣ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಮೆಂತೆ ಸೊಪ್ಪು ಬಿಡಿಸುವ, ಚಳಿಗಾಲವಾದರೆ ಬಟಾಣಿ ಸುಲಿಯುವ ಗೃಹಿಣಿಯರನ್ನು ಕಾಣದವರು ನಮ್ಮ ಉಪನಗರಗಳಲ್ಲಿ ಇರಲಾರರು. ಘಾಟ್ಕೋಪರ್ ದಾಟುವಾಗ ಬಿಚ್ಚಿದ ಕಟ್ಟು ಡೊಂಬಿವಲಿ ಬರುವ ಹೊತ್ತಿಗೆ ಎರಡು ಚೀಲವಾಗಿರುತ್ತದೆ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಕಡ್ಡಿ. ಎಲೆಯ ಚೀಲ ಒಲೆಯ ಬಳಿಗೆ ಹೋದರೆ ಕಡ್ಡಿಯ ಚೀಲ ಮರುದಿನ ಬೆಳಗ್ಗೆ ಘಂಟಾಗಾಡಿಗೆ. ಬಟಾಣಿಯ ಮಟ್ಟಿಗಂತೂ ದುಡ್ಡು ಕೊಟ್ಟು ತಂದ ತೂಕದಲ್ಲಿ ಅರ್ಧದಷ್ಟು ಸಿಪ್ಪೆಯೇ.

ಹೀಗೆ ಹೋಗುವ ಸಿಪ್ಪೆ, ದಂಟು, ತೊಟ್ಟುಗಳನ್ನು ಒಟ್ಟು ಮಾಡಿ ಕುದಿಸಿ ಸೂಪ್ ಮಾಡುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ಹೊಸ ವಿಷಯವೆಂಬಂತೆ ಪ್ರಚಾರ ಪಡೆಯುತ್ತಿದೆ. ಆಹಾರ ಪೋಲಾಗುವುದನ್ನು ತಡೆಯಲು ಇದೊಂದು ದಾರಿ ಎನ್ನಲಾಗುತ್ತಿದೆ. ಆದರೆ ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನ್ವೆಲ್‌ವರೆಗೆ ನೆಲೆಸಿರುವ ಕನ್ನಡ ಮನೆಗಳ ಹಿರಿಯ ಹೆಂಗಸರಿಗೆ ಇದನ್ನು ಹೇಳಿದರೆ ನಕ್ಕಾರು. ಬೇಯಿಸಿದ ನೀರನ್ನು ಚೆಲ್ಲಬಾರದು ಎಂಬುದು ಅವರು ಊರಿನಿಂದ ಬರುವಾಗ ಗಂಟಿನಲ್ಲಿ ಕಟ್ಟಿ ತಂದ ವಿದ್ಯೆ. ಪ್ರಶ್ನೆ ಇರುವುದು ಆ ಗಂಟು ಈಗ ಯಾವ ಅಟ್ಟದ ಮೇಲಿದೆ ಎಂಬುದರಲ್ಲಿ.

ಕಟ್ಟು, ಬಸಿ, ತೆಳಿ

ಕರ್ನಾಟಕದ ಯಾವ ಮೂಲೆಗೆ ಹೋದರೂ ಬಸಿದ ನೀರಿನದೊಂದು ಅಡುಗೆ ಇದ್ದೇ ಇದೆ. ಮೈಸೂರು, ಮಂಡ್ಯ, ಹಾಸನದ ಕಡೆಯ ಬಸ್ಸಾರಿನ ಹೆಸರಿನಲ್ಲೇ ಅದು ಅಡಗಿದೆ. ಕಾಳು ಮತ್ತು ಸೊಪ್ಪನ್ನು ಬೇಯಿಸಿ ಬಸಿದು, ನೀರಿಗೆ ಮಸಾಲೆ ಕೊಟ್ಟರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಕರಾವಳಿಯಲ್ಲಿ ಹುರುಳಿ ಬೇಯಿಸಿದ ನೀರಿನ ‘ಕುಡುತ ಸಾರ್’ ಮಳೆಗಾಲಕ್ಕೆ ಮದ್ದಿನಂತೆ. ಎತ್ತು, ಕೋಣಗಳಿಗೆಂದು ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸುತ್ತಿದ್ದ ಮನೆಗಳಲ್ಲಿ ಕಾಳು ಕೊಟ್ಟಿಗೆಗೆ ಹೋದರೆ ಅದರ ಕಟ್ಟು ಅಡುಗೆಮನೆಗೆ ಬರುತ್ತಿತ್ತು. ಕುಚಲಕ್ಕಿ ಗಂಜಿಯ ತೆಳಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಜ್ವರ ಬಂದ ಮಕ್ಕಳಿಗೆ ಕುಡಿಸುತ್ತಿದ್ದುದನ್ನು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರಿಗೆ ನೆನಪಿಸಬೇಕಾಗಿಲ್ಲ.

ಹಬ್ಬದ ದಿನ ಇದರ ರಾಜವೈಭೋಗ ನೋಡಬೇಕು. ಹೋಳಿಗೆಯ ಹೂರಣಕ್ಕೆಂದು ಬೇಯಿಸಿದ ಬೇಳೆಯ ಕಟ್ಟು ಬಸಿದು, ಅದಕ್ಕೆ ಒಂದು ಹಿಡಿ ಹೂರಣವನ್ನೇ ಕದಡಿ, ಹುಣಿಸೆಹುಳಿ, ಸಾರಿನ ಪುಡಿ, ತೆಂಗಿನಕಾಯಿ ಸೇರಿಸಿ ಕುದಿಸಿದರೆ ಒಬ್ಬಟ್ಟಿನ ಸಾರು. ಮರುದಿನಕ್ಕೆ ಇನ್ನೂ ರುಚಿ ಎಂದು ಬಚ್ಚಿಡುವವರಿದ್ದಾರೆ. ಇಲ್ಲಿ ನಮ್ಮವರ ನೆರೆಮನೆಯ ಮರಾಠಿ ಕುಟುಂಬಗಳು ಹೋಳಿಗೆ ಪುರಣಪೋಳಿ ಮಾಡುವ ದಿನ ಇದನ್ನೇ ‘ಕಟಾಚಿ ಆಮ್ಟಿ’ ಎನ್ನುತ್ತಾರೆ. ಅವರ ‘ಕಟ’ವೂ ನಮ್ಮ ‘ಕಟ್ಟು’ವೂ ಅದೇ ಬೇಳೆ ಬಸಿದ ನೀರು. ಗೋಡಾ ಮಸಾಲೆಯ ಘಮವೊಂದನ್ನು ಬಿಟ್ಟರೆ ಎರಡು ಪಾತ್ರೆಗಳ ನಡುವೆ ಹೆಚ್ಚು ಅಂತರವಿಲ್ಲ. ಡೊಂಬಿವಲಿಯ ಚಾಳುಗಳಲ್ಲಿ ಐವತ್ತು ವರ್ಷಗಳಿಂದ ಗೋಡೆಗೆ ಗೋಡೆ ತಾಗಿ ಬದುಕಿದ ಎರಡು ಭಾಷೆಯ ಹೆಂಗಸರು ಪರಸ್ಪರರ ಅಡುಗೆಯನ್ನು ಬೇಗ ಕಲಿತರೆಂದರೆ ಇಂಥ ಒಳದಾರಿಗಳೇ ಕಾರಣ.

ಅಂದ ಹಾಗೆ ‘ಸೂಪ’ ಎಂಬ ಶಬ್ದವೂ ನಮಗೆ ಹೊಸದಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಪದ್ಯರೂಪದ ಅಡುಗೆ ಗ್ರಂಥ ಬರೆದು ಅದಕ್ಕೆ ‘ಸೂಪಶಾಸ್ತ್ರ’ ಎಂದೇ ಹೆಸರಿಟ್ಟ. ಸಂಸ್ಕೃತದ ಸೂಪವೆಂದರೆ ಬೇಳೆಯ ಸಾರು, ತೊವ್ವೆ.

ಸಿಪ್ಪೆ, ತಿರುಳು, ಬೀಜದ ಕಥೆ ಇನ್ನೊಂದು. ಹೀರೆಕಾಯಿ ಸಿಪ್ಪೆಯ ಚಟ್ನಿ ಎಲ್ಲರಿಗೂ ಗೊತ್ತು. ಮಂಗಳೂರು ಸೌತೆಯ ತಿರುಳನ್ನು ದೋಸೆ ಹಿಟ್ಟಿಗೆ ರುಬ್ಬುವವರು, ಅದರ ಬೀಜವನ್ನು ಜೀರಿಗೆಯೊಂದಿಗೆ ಅರೆದು ಸೋಸಿ, ಬೆಲ್ಲ, ಉಪ್ಪು, ಹುಳಿ ಹಾಕಿ ಸಾರು ಮಾಡುವವರು, ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುವವರು, ಕಿತ್ತಳೆ ಸಿಪ್ಪೆಗೆ ಹುಣಿಸೆ, ಬೆಲ್ಲ ಸೇರಿಸಿ ಗೊಜ್ಜು ಕಾಯಿಸುವವರು, ಬಚ್ಚಂಗಾಯಿ ಎಂದು ಕರಾವಳಿಯವರು ಕರೆಯುವ ಕಲ್ಲಂಗಡಿಯ ಬಿಳಿ ಭಾಗವನ್ನು ಸಾಂಬಾರಿಗೆ ಹಾಕುವವರು ಈಗಲೂ ಇದ್ದಾರೆ. ಹಲಸಿನ ಬೀಜಕ್ಕೆ ಸಾರಿನಲ್ಲಿ ಇರುವ ಗೌರವ ಹಣ್ಣಿಗೂ ಇಲ್ಲ ಎನ್ನಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ನಿನ್ನೆಯ ರೊಟ್ಟಿ ಚೂರಾಗಿ ಒಗ್ಗರಣೆ ಕಂಡರೆ, ಮರಾಠಿ ಮನೆಗಳಲ್ಲಿ ಅದೇ ಗತಿ ಪೋಳಿಗೆ.

ಊರಿನಲ್ಲಿ ಹಟ್ಟಿ ಇತ್ತು

ಹಾಗಾದರೆ ಇಷ್ಟೆಲ್ಲ ಗೊತ್ತಿದ್ದವರ ಮನೆಗಳಿಂದಲೂ ಪ್ರತಿದಿನ ಬಕೆಟ್ ತುಂಬ ಓಲಾ ಕಚ್ರಾ ಏಕೆ ಹೋಗುತ್ತಿದೆ? ಉತ್ತರ ಅಡುಗೆಮನೆಯ ಒಳಗಿಲ್ಲ, ಅದರ ಹಿಂಬಾಗಿಲಿನ ಆಚೆ ಇದೆ. ಊರಿನಲ್ಲಿ ಹಿಂಬಾಗಿಲು ತೆರೆದರೆ ಹಟ್ಟಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಎಲ್ಲವೂ ಅಕ್ಕಚ್ಚಿನ ಬಾಲ್ದಿಗೆ, ಅಲ್ಲಿಂದ ಹಸುವಿಗೆ. ಹಸು ಮುಟ್ಟದ್ದು ತೆಂಗಿನ ಬುಡಕ್ಕೆ. ಹಾಗಾಗಿ ‘ತರಕಾರಿ ಕಸ’ ಎಂಬ ಪದವೇ ಆ ಮನೆಗಳಲ್ಲಿ ಬೇಕಾಗಿರಲಿಲ್ಲ. ಮೂರನೇ ಮಹಡಿಯ ಒನ್ ಬಿಎಚ್‌ಕೆ ಫ್ಲ್ಯಾಟಿಗೆ ಹಿಂಬಾಗಿಲು ಇಲ್ಲ. ಇಲ್ಲಿ ಸಿಪ್ಪೆಗೆ ಇರುವುದು ಎರಡೇ ದಾರಿ, ಒಂದೋ ತಟ್ಟೆ, ಇಲ್ಲವೇ ಬಕೆಟ್. ನಮ್ಮವರು ವಲಸೆ ಬರುವಾಗ ಅಡುಗೆಯನ್ನು ತಂದರು, ಹಟ್ಟಿಯನ್ನು ತರಲಾಗಲಿಲ್ಲ ಎಂದರೆ ತಪ್ಪಾಗಲಾರದು.

ಎರಡನೆಯ ಕಾರಣ ಕುಕ್ಕರ್. ಹಾಕಿನ್ಸ್ ಕಂಪೆನಿ ಮುಂಬಯಿಯಲ್ಲಿ ಆರಂಭವಾದದ್ದು 1959ರಲ್ಲಿ. ಅದರ ಕಾರ್ಖಾನೆ ಥಾಣೆಯ ವಾಗ್ಳೆ ಎಸ್ಟೇಟ್‌ನಲ್ಲೇ ಇದೆ. ಕುಕ್ಕರ್ ಬಂದದ್ದರಿಂದ ಬೆಳಗ್ಗೆ ಐದಕ್ಕೆದ್ದು ಟಿಫಿನ್ ಕಟ್ಟಿ ಲೋಕಲ್ ಹಿಡಿಯುವ ಹೆಣ್ಣುಮಕ್ಕಳಿಗೆ ಎಷ್ಟು ಉಪಕಾರವಾಯಿತು ಎಂಬುದನ್ನು ಮರೆಯುವಂತಿಲ್ಲ. ಆದರೆ ಅಳೆದ ನೀರಿನಲ್ಲಿ ಬೇಯುವ ಅನ್ನದಲ್ಲಿ ತೆಳಿಯಿಲ್ಲ, ಮೂರು ಸೀಟಿಯಲ್ಲಿ ಕರಗಿದ ಬೇಳೆಯಲ್ಲಿ ಕಟ್ಟಿಲ್ಲ. ಬಸಿಯುವ ಕೆಲಸ ಹಬ್ಬದ ದಿನಕ್ಕೆ ಮಾತ್ರ ಉಳಿಯಿತು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ನಾಚಿಕೆ. ಸಿಪ್ಪೆ ತಿನ್ನುವುದು ಬಡತನದ ಗುರುತು ಎಂಬ ಭಾವನೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ದೇಶಕ್ಕೆ ಕರೆಕೊಟ್ಟ ದಿನಗಳನ್ನು, ರೇಷನ್ ಅಂಗಡಿಯ ಸಾಲನ್ನು ಕಂಡ ತಲೆಮಾರು ಏನನ್ನೂ ಎಸೆಯದೆ ಸಂಸಾರ ಸಾಗಿಸಿತು. ಹೋಟೆಲಿನಲ್ಲಿ ದುಡಿದು ಮಕ್ಕಳನ್ನು ಓದಿಸಿ ಫ್ಲ್ಯಾಟ್ ಕೊಂಡವರು ಆ ದಿನಗಳ ತಟ್ಟೆಯನ್ನು ಮತ್ತೆ ನೋಡಲು ಬಯಸದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಮೊಮ್ಮಕ್ಕಳ ಮುಂದೆ ಹೀರೆಸಿಪ್ಪೆ ಚಟ್ನಿ ಇಡಲು ಅಜ್ಜಿಯೇ ಹಿಂಜರಿಯುತ್ತಾರೆ. ಅದೇ ಮೊಮ್ಮಕ್ಕಳು ಹೋಟೆಲಿಗೆ ಹೋಗಿ ದುಡ್ಡು ತೆತ್ತು ಮಂಚಾವ್ ಸೂಪ್ ಕುಡಿಯುತ್ತಾರೆ. ಅಚ್ಚುಕಟ್ಟಾದ ಹೋಟೆಲ್ ಅಡುಗೆಮನೆಯಲ್ಲಿ ಸೂಪಿನ ಬುಡವಾದ ‘ಸ್ಟಾಕ್’ ಕುದಿಯುವುದು ಕೋಸಿನ ದಿಂಡು, ಹೂಕೋಸಿನ ದಂಟು, ಗಾಜರಿನ ತುದಿ, ಕೊತ್ತಂಬರಿ ಕಡ್ಡಿಗಳಿಂದಲೇ ಎಂಬುದು ಹೋಟೆಲ್ ಉದ್ಯಮದಲ್ಲಿರುವ ನಮ್ಮವರಿಗೆ ಚೆನ್ನಾಗಿ ಗೊತ್ತು.

ಆಧಾರವಾಡಿಯ ಹೊಗೆ

ಬಕೆಟ್‌ನಿಂದ ಹೋದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಲ್ಯಾಣದವರು ಮೂಗಿನಿಂದಲೇ ತಿಳಿದವರು. ಆಧಾರವಾಡಿಯ ಡಂಪಿಂಗ್ ಗ್ರೌಂಡ್ ದಶಕಗಳ ಕಾಲ ಕಲ್ಯಾಣ-ಡೊಂಬಿವಲಿಯ ಕಸವನ್ನೆಲ್ಲ ಹೊತ್ತಿತ್ತು. ಕಸ ವಿಲೇವಾರಿ ಸರಿಯಾಗಿಲ್ಲವೆಂಬ ಕಾರಣಕ್ಕೆ ಬಾಂಬೆ ಹೈಕೋರ್ಟ್ 2015ರ ಎಪ್ರಿಲ್‌ನಲ್ಲಿ ಈ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ನೀಡುವುದನ್ನೇ ತಡೆಹಿಡಿದಿತ್ತು. ಫ್ಲ್ಯಾಟ್ ಬುಕ್ ಮಾಡಿದ್ದ ಎಷ್ಟೋ ಮಧ್ಯಮ ವರ್ಗದ ಕುಟುಂಬಗಳಿಗೆ ಕಸದ ಗುಡ್ಡೆ ಮನೆಯ ಸಾಲದ ಲೆಕ್ಕದೊಳಗೆ ಬಂದು ಕೂತದ್ದು ಆಗ. 2018ರ ಮಾರ್ಚ್‌ನಲ್ಲಿ ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಸುತ್ತಲಿನ ಬಡಾವಣೆಗಳನ್ನು ಆವರಿಸಿ ಮಕ್ಕಳು, ವೃದ್ಧರು ಕಿಟಕಿ ಮುಚ್ಚಿ ಕೂರುವಂತಾಯಿತು. ಹಸಿ ಕಸ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅದು ಹೊತ್ತಿ ಉರಿಯುವಂಥದ್ದು, ಭೂಮಿಯ ಬಿಸಿ ಏರಿಸುವಂಥದ್ದು. 2020ರಲ್ಲಿ ಪಾಲಿಕೆ ಹಸಿ, ಒಣ ಕಸ ಬೇರ್ಪಡಿಸುವ ಅಭಿಯಾನ ಕೈಗೊಂಡು 2021ರಲ್ಲಿ ಆಧಾರವಾಡಿಗೆ ಕಸ ಸುರಿಯುವುದನ್ನು ನಿಲ್ಲಿಸಿತು. ಥಾಣೆಯ ಕಸ ಹೊತ್ತ ದಿವಾದ ನಿವಾಸಿಗಳೂ ವರ್ಷಗಟ್ಟಲೆ ಇದೇ ನಾತ ಉಂಡವರು. ನವಿಮುಂಬಯಿ ಈ ವಿಷಯದಲ್ಲಿ ಮುಂದಿದೆ. ದೇಶದ ಸ್ವಚ್ಛ ಸರ್ವೇಕ್ಷಣೆಯಲ್ಲಿ 2020ರಲ್ಲೂ 2023ರಲ್ಲೂ ಅದಕ್ಕೆ ಮೂರನೇ ಸ್ಥಾನ ಸಿಕ್ಕಿತ್ತು.

ಮನೆಯೊಂದರ ಲೆಕ್ಕ ನೋಡೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತದೆ. ಇದರಲ್ಲಿ ಮಿಕ್ಕ ಅನ್ನ, ಪಲ್ಯದ ಜತೆಗೆ ಸಿಪ್ಪೆ, ಬೀಜ, ಮೂಳೆಯೂ ಸೇರಿದೆ. ದಿನಕ್ಕೆ ತಲೆಗೆ 150 ಗ್ರಾಂ, ನಾಲ್ವರ ಮನೆಗೆ 600 ಗ್ರಾಂ, ಐವತ್ತು ಮನೆಯ ಸೊಸೈಟಿಗೆ 30 ಕಿಲೋ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹೊರಹಾಕುವವರನ್ನು ದೊಡ್ಡ ಉತ್ಪಾದಕರೆಂದು ಗುರುತಿಸಿ, ಹಸಿ ಕಸವನ್ನು ಸಾಧ್ಯವಾದಷ್ಟೂ ಆವರಣದಲ್ಲೇ ಗೊಬ್ಬರ ಅಥವಾ ಗ್ಯಾಸ್ ಮಾಡಬೇಕೆಂದು ವಿಧಿಸಿದ್ದವು. ಘೋಡ್‌ಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸ್‌ಗಳ ಸಭೆಗಳಲ್ಲಿ ಪಾರ್ಕಿಂಗ್ ನಂತರ ಹೆಚ್ಚು ಜಗಳ ನಡೆಯುವುದು ಈ ಗೊಬ್ಬರದ ಗುಂಡಿಯ ಬಗ್ಗೆಯೇ ಎಂದರೆ ನಗಬೇಕಾಗಿಲ್ಲ.

ಸೋಸಿ ಎಸೆದರೆ ಉಳಿದದ್ದೇನು?

ಇಲ್ಲೊಂದು ಮಾತನ್ನು ನೇರವಾಗಿ ಹೇಳಬೇಕು. ಸಿಪ್ಪೆ ಕುದಿಸಿ, ಸೋಸಿ, ನೀರನ್ನು ಕುಡಿದು ಸಿಪ್ಪೆಯನ್ನು ಎಸೆದರೆ ಬಕೆಟ್‌ನ ಭಾರ ಇಳಿಯುವುದಿಲ್ಲ. ಹೋದ ಸಿಪ್ಪೆ ಬೆಂದು, ಇನ್ನಷ್ಟು ಒದ್ದೆಯಾಗಿ ಅದೇ ಬಕೆಟ್‌ಗೆ ಬರುತ್ತದೆ. ರುಚಿ ಸಿಕ್ಕಿತು, ಒಂದಿಷ್ಟು ಸತ್ವವೂ ಸಿಕ್ಕಿತು, ಸೂಪ್ ಪ್ಯಾಕೆಟಿನ ದುಡ್ಡು ಉಳಿಯಿತು, ಆದರೆ ಕಸ ಉಳಿದೇ ಇದೆ. ಈ ವಿಷಯದಲ್ಲಿ ನಮ್ಮ ಹಳೆಯ ಅಡುಗೆ ಪಾಶ್ಚಾತ್ಯ ಸ್ಟಾಕ್‌ಗಿಂತ ಒಂದು ಹೆಜ್ಜೆ ಮುಂದಿದೆ. ಬಸ್ಸಾರಿನಲ್ಲಿ ನೀರೂ ತಟ್ಟೆಗೆ, ಚರಟವೂ ತಟ್ಟೆಗೆ. ಚಟ್ನಿಯಲ್ಲಿ ಸಿಪ್ಪೆಯನ್ನೇ ಅರೆಯುವುದು. ಆದ್ದರಿಂದ ಸೂಪ್ ಮಾಡುವವರೂ ಸೋಸುವ ಬದಲು ಆದಷ್ಟನ್ನು ರುಬ್ಬಿ ಮರಳಿ ಸೇರಿಸುವುದೇ ಸರಿಯಾದ ಕ್ರಮ.

ಚಿಕ್ಕ ಅಡುಗೆಮನೆಗೆ ಒಗ್ಗುವ ವಿಧಾನ ಹೀಗಿದೆ. ಫ್ರೀಜರ್‌ನಲ್ಲಿ ಮುಚ್ಚಳವಿರುವ ಒಂದು ಡಬ್ಬಿ ಇಡಬೇಕು. ತರಕಾರಿಯನ್ನು ಹೆಚ್ಚುವ ಮೊದಲೇ ಚೆನ್ನಾಗಿ ತೊಳೆದಿರಬೇಕು, ಸಿಪ್ಪೆ ತೆಗೆದ ಮೇಲೆ ತೊಳೆಯುತ್ತೇನೆಂದರೆ ಯಾರೂ ತೊಳೆಯುವುದಿಲ್ಲ. ಹೂಕೋಸಿನ ದಂಟು, ಕೊತ್ತಂಬರಿ ಕಡ್ಡಿ, ಗಾಜರಿನ ಸಿಪ್ಪೆ, ಬೀನ್ಸ್ ತುದಿ, ಟೊಮೆಟೊ ತೊಟ್ಟಿನ ಸುತ್ತಲಿನ ಭಾಗ, ಸೀಮೆಬದನೆಯ ಸಿಪ್ಪೆ ಎಲ್ಲ ನಾಲ್ಕೈದು ದಿನ ಡಬ್ಬಿಗೆ ಬೀಳಲಿ. ಡಬ್ಬಿ ತುಂಬಿದ ದಿನ ಎರಡು ದೊಡ್ಡ ಹಿಡಿಯಷ್ಟಕ್ಕೆ ಒಂದೂಕಾಲು ಲೀಟರ್ ನೀರು, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು, ಒಂದು ಹಿಡಿ ಹೆಸರುಬೇಳೆ. ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಕುಕ್ಕರಿಗೆ ಹಾಕದಿರುವುದು ಮೇಲು. ಕೋಸಿನ ಜಾತಿಯ ದಂಟುಗಳು ಹೆಚ್ಚು ಬೆಂದರೆ ಗಂಧಕದ ವಾಸನೆ ಬಿಡುತ್ತವೆ, ಇಡೀ ಮಹಡಿಗೆ ಗೊತ್ತಾಗುತ್ತದೆ. ಆರಿದ ಮೇಲೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ, ನಾರು ಸಿಕ್ಕರೆ ದಪ್ಪ ಜರಡಿಯಲ್ಲಿ ಒಮ್ಮೆ ಒತ್ತಿ, ಉಪ್ಪು ಹಾಕಿ ಮರಳಿ ಕುದಿಸಬೇಕು. ತುಪ್ಪದಲ್ಲಿ ಜೀರಿಗೆ, ಕರಿಬೇವು, ಇಂಗಿನ ಒಗ್ಗರಣೆ. ಹುಳಿಗೆ ನಾಲ್ಕು ಪುನರ್ಪುಳಿ ಸಿಪ್ಪೆ, ಇಲ್ಲಿನವರ ಆಮ್‌ಸೂಲ್. ಸೂಪ್ ಎಂದು ಬಟ್ಟಲಿನಲ್ಲಿ ಕೊಟ್ಟರೆ ಮಕ್ಕಳು ಕುಡಿಯುತ್ತಾರೆ, ಸಾರು ಎಂದು ಅನ್ನಕ್ಕೆ ಬಡಿಸಿದರೆ ಹಿರಿಯರು ಉಣ್ಣುತ್ತಾರೆ. ಹೆಸರು ಬದಲಿಸಿದರೆ ತಪ್ಪೇನೂ ಇಲ್ಲ.

ಬೇಡವಾದವೂ ಇವೆ. ಹಸಿರು ತಿರುಗಿದ, ಮೊಳಕೆಯೊಡೆದ ಬಟಾಟೆಯ ಸಿಪ್ಪೆ ಖಂಡಿತ ಬೇಡ, ಅದರಲ್ಲಿ ಸೋಲನೈನ್ ಎಂಬ ವಿಷಾಂಶ ಸೇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಸೋರೆಕಾಯಿ, ಹೀರೆಕಾಯಿ, ಸೌತೆಯ ತುದಿಯನ್ನು ನಾಲಗೆಗೆ ಮುಟ್ಟಿಸಿ ನೋಡುವ ಅಜ್ಜಿಯರ ಅಭ್ಯಾಸ ಬರೀ ರುಚಿಗಾಗಿ ಅಲ್ಲ. ಕಹಿ ಸೋರೆಯ ರಸ ಕುಡಿದು ಪ್ರಾಣಾಪಾಯವಾದ ಪ್ರಕರಣಗಳ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಪರಿಶೀಲನೆ ನಡೆಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಚ್ಚರಿಸಿದ್ದರು. ಕಹಿಯಾದ ಕಾಯಿಯನ್ನು ಉಳಿತಾಯದ ಮೋಹಕ್ಕೆ ಬೀಳದೆ ಎಸೆಯುವುದೇ ಲೇಸು. ಈರುಳ್ಳಿಯ ಒಣ ಸಿಪ್ಪೆ, ಕೊಳೆತ ಭಾಗ, ಬೂಸು ಹಿಡಿದದ್ದು ಗೊಬ್ಬರಕ್ಕೆ. ಔಷಧ ಸಿಂಪಡಿಸಿದ ತರಕಾರಿಯ ಭಯವಂತೂ ಸುಳ್ಳಲ್ಲ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯದು ಬಹುಮಟ್ಟಿಗೆ ಕಡಿಮೆಯಾಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಸಿಪ್ಪೆ ತೆಗೆದರೂ ಆ ಒಳಗಿನದು ಹೋಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಮೂತ್ರಪಿಂಡದ ತೊಂದರೆಯಿಂದ ಪಥ್ಯದಲ್ಲಿರುವವರು ಇಂಥ ತರಕಾರಿ ಕಷಾಯಗಳ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು, ಇದರಲ್ಲಿ ಪೊಟ್ಯಾಶಿಯಂ ಇಳಿದಿರುತ್ತದೆ. ನಮ್ಮ ಸೆಕೆಯಲ್ಲಿ ಮಾಡಿದ ಸಾರನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ ಫ್ರಿಜ್‌ಗೆ ಸೇರಿಸಬೇಕು.

ಆಟಿಯ ಊಟದ ಪಕ್ಕದಲ್ಲಿ

ಪ್ರತಿ ವರ್ಷ ಜುಲೈ-ಆಗಸ್ಟ್‌ನಲ್ಲಿ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ಅದ್ದೂರಿಯಾಗಿ ‘ಆಟಿಡೊಂಜಿ ದಿನ’ ಆಚರಿಸುತ್ತವೆ. ಪತ್ರೊಡೆ, ತಿಮರೆ ಚಟ್ನಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಕುಡುತ ಸಾರ್ ಎಲ್ಲವೂ ಮೇಜಿನ ಮೇಲೆ. ವಾಸ್ತವದಲ್ಲಿ ಆಟಿಯ ಊಟವೆಂದರೆ ಏನೂ ಇಲ್ಲದ ತಿಂಗಳಲ್ಲಿ ಇದ್ದುದನ್ನೇ ಹೊಂದಿಸಿಕೊಂಡ ಊಟ. ಅದನ್ನು ಸ್ಮರಿಸುವ ಸಭಾಂಗಣದ ಹಿಂದೆಯೇ ಸೌತೆಯ ತಿರುಳು, ಹಲಸಿನ ಬೀಜ, ಮಿಕ್ಕ ಅನ್ನ ಕಪ್ಪು ಚೀಲಗಳಲ್ಲಿ ಕಟ್ಟಿ ಇಟ್ಟಿರುವುದು ಶೋಭೆಯಲ್ಲ. ಮಹಿಳಾ ವಿಭಾಗದವರು ರಂಗೋಲಿ, ಹೂಮಾಲೆ ಸ್ಪರ್ಧೆಗಳ ಜತೆಗೆ ಸಿಪ್ಪೆ-ಬೀಜದ ಅಡುಗೆಗೂ ಒಂದು ಮೇಜು ಕೊಟ್ಟರೆ ಖರ್ಚೇನೂ ಹೆಚ್ಚಲ್ಲ. ಬಹುಮಾನಕ್ಕಿಂತ ಅಲ್ಲಿ ಬರೆದುಕೊಳ್ಳುವ ಪುಸ್ತಕ ಮುಖ್ಯ. ಏಕೆಂದರೆ ಈ ಅಡುಗೆಗಳು ಬಹುಮಟ್ಟಿಗೆ ಎಲ್ಲೂ ಬರೆದಿಟ್ಟಿಲ್ಲ. “ಅಮ್ಮಾ, ಸೌತೆ ಬೀಜದ ಸಾರಿಗೆ ಹುಳಿ ಎಷ್ಟು?” ಎಂದು ಊರಿಗೆ ಫೋನ್ ಮಾಡಿದರೆ “ಕೈಗೆ ಬಂದಷ್ಟು ಹಾಕು ಮಗಾ” ಎಂಬುದೇ ಉತ್ತರ. ಆ ಕೈಗಳಿಗೆ ಈಗ ಎಂಬತ್ತು ದಾಟಿದೆ. ಇಲ್ಲಿ ಹುಟ್ಟಿ ಬೆಳೆದ ಮಗಳಿಗೆ, ಮರಾಠಿ ಅಥವಾ ಗುಜರಾತಿ ಮನೆಯಿಂದ ಬಂದ ಸೊಸೆಗೆ ಕೈಯಳತೆ ಸಾಲದು, ಚಮಚದ ಲೆಕ್ಕ ಬೇಕು.

ಬಟಾಣಿಯ ಸಿಪ್ಪೆಗೆ ಮಾತ್ರ ತುಸು ಹೆಚ್ಚಿನ ಕೆಲಸ. ಅದರ ಒಳಮೈಯಲ್ಲಿ ಪೊರೆಯಂಥ ಗಡಸು ಪದರವಿರುತ್ತದೆ, ರುಬ್ಬಿದರೂ ಬಾಯಿಗೆ ಸಿಗುತ್ತದೆ. ಎಳೆಯ ಸಿಪ್ಪೆಯನ್ನು ತುದಿಯಿಂದ ಬಗ್ಗಿಸಿ ಎಳೆದರೆ ಆ ಪದರ ಕಳಚಿ ಬರುತ್ತದೆ, ಉಳಿದ ಹಸಿರು ಭಾಗ ಬಟಾಟೆಯ ಜತೆ ಪಲ್ಯಕ್ಕೂ ಆದೀತು. ಅಷ್ಟು ಪುರುಸೊತ್ತು ಇಲ್ಲದವರು ಇಡಿಯಾಗಿ ಬೇಯಿಸಿ, ರುಬ್ಬಿ, ಸೋಸಿ, ಆ ಹಸಿರು ನೀರಿಗೆ ಶುಂಠಿ, ಮೆಣಸು, ಒಂದು ಲೋಟ ಹಾಲು ಸೇರಿಸಿ ಬಿಸಿ ಮಾಡುತ್ತಾರೆ. ಜರಡಿಯಲ್ಲಿ ಉಳಿದದ್ದು ಗ್ಯಾಲರಿಯ ತುಳಸಿ ಕುಂಡದ ಪಕ್ಕದ ಗೊಬ್ಬರದ ಡಬ್ಬಿಗೆ.